ವಿಯೆನ್ನಾದಲ್ಲಿ ಬೈ-ಟು ಕಾಫಿ ಕೇಳಿದರೆ ಏನು ಕೊಡ್ತಾರೆ?

ಹೋದ ತಿಂಗಳು ಇದೇ ಪುಟದಲ್ಲಿ, ನಾನೂ ನಮ್ಮತ್ತಿಗೆಯೂ ಚೆಕ್ ದೇಶದ ಪ್ರಾಗ್, ಆಸ್ಟ್ರಿಯಾದ ವಿಯೆನ್ನಾ, ಹಂಗೇರಿಯ ಬುಡಾಪೆಸ್ಟ್ ಸುತ್ತಿ ಬಂದ ಹನ್ನೆರಡು ದಿನಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಓದದೇ ಇದ್ದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ನನಗೆ 63, ಅತ್ತಿಗೆಗೆ 68. ನಾನು ಮೊಟ್ಟೆ ತಿನ್ನುತ್ತೇನೆ, ಅವರು ಮೊಟ್ಟೆ ಒಡೆದ ಬಾಣಲೆಯನ್ನೂ ಮುಟ್ಟೋಲ್ಲ. ನನಗೆ ಮ್ಯೂಸಿಯಂ ಹುಚ್ಚು, ಅವರಿಗೆ ಮಾರ್ಕೆಟ್ ಹುಚ್ಚು. ಅಣ್ಣ ನಾಯಿ ನೋಡಿಕೊಂಡು ಮೈಸೂರಲ್ಲೇ ಉಳಿದ. ಈಗ ನಿಮ್ಮ ಪತ್ರಗಳಿಗೆ ಬರುತ್ತೇನೆ. ಅರ್ಧಕ್ಕರ್ಧ ಊಟದ ಬಗ್ಗೆಯೇ ಇವೆ, ಆಶ್ಚರ್ಯವೇನಿಲ್ಲ ಬಿಡಿ.

ನಾವು ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಆಗದು. ಹನ್ನೆರಡು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಳೆಯಬೇಕಾ? – ಶಿರಸಿಯಿಂದ ಒಬ್ಬರು

ಬೇಡ. ಆದರೆ ಹೋಗುವ ಮೊದಲು ಒಂದು ಅಕ್ಷರ, ಒಂದು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಒಂದು ನಿಯಮ ಇದೆ. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಅಡುಗೆಗೆ ಬಿದ್ದಿದ್ದರೂ ಹೋಟೆಲಿನವರು ತಿಳಿಸಬೇಕು. ಆಸ್ಟ್ರಿಯಾದ ಮೆನುಗಳಲ್ಲಿ ತಿನಿಸಿನ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಎ, ಸಿ, ಜಿ ಅಂತ ಬರೆದಿರುತ್ತಾರೆ. ಸಿ ಅಂದರೆ ಮೊಟ್ಟೆ, ಡಿ ಅಂದರೆ ಮೀನು, ಜಿ ಅಂದರೆ ಹಾಲು. ಚೆಕ್ ದೇಶದಲ್ಲಿ ಅಕ್ಷರದ ಬದಲು ಅಂಕಿ. 3 ಬಂದರೆ ಮೊಟ್ಟೆ, 4 ಬಂದರೆ ಮೀನು. ಅತ್ತಿಗೆಗೆ ಎರಡನೇ ದಿನಕ್ಕೆ ಇದು ಎಷ್ಟು ರೂಢಿಯಾಯಿತೆಂದರೆ, ಮೆನು ಕೈಗೆ ಬಂದ ತಕ್ಷಣ ಕನ್ನಡಕ ಏರಿಸಿ, ಬೆರಳಿಟ್ಟು 3 ಹುಡುಕುತ್ತಿದ್ದರು. ತಿಂಡಿಯ ಹೆಸರು ಓದುತ್ತಲೇ ಇರಲಿಲ್ಲ.

ಈ ಪಟ್ಟಿಯಲ್ಲಿ ಮಾಂಸ ಬರುವುದಿಲ್ಲ, ಅದೊಂದು ತೊಡಕು. ಅದನ್ನು ಬಾಯಿಬಿಟ್ಟೇ ಕೇಳಬೇಕು. ಆಸ್ಟ್ರಿಯಾದವರು ಆಡುವ ಜರ್ಮನ್‌ನಲ್ಲಿ 'ಓನೆ ಫ್ಲೈಶ್' ಅಂದರೆ ಮಾಂಸ ಇಲ್ಲದೆ. ಚೆಕ್‌ನಲ್ಲಿ 'ಬೆಜ್ ಮಸಾ'. ನಮ್ಮ ಮಾಂಸವೂ ಅವರ ಮಸೋವೂ ದೂರದ ದಾಯಾದಿಗಳು, ಹಾಗಾಗಿ ಇದು ಮರೆಯುವುದಿಲ್ಲ. ಹಂಗೇರಿಯಲ್ಲಿ 'ಹೂಶ್ ನೇಲ್ಕುಲ್'. ಹೂಶ್ ಅಂದರೆ ಮಾಂಸ, ನೇಲ್ಕುಲ್ ಅಂದರೆ ಇಲ್ಲದೆ. ನಮ್ಮ ಥರಾನೇ 'ಇಲ್ಲದೆ' ಆಮೇಲೆ ಬರುತ್ತದೆ. ಇಂಗ್ಲಿಷ್‌ಗಿಂತ ಹಂಗೇರಿಯನ್ನೇ ಸುಲಭ ಅಂತ ಅತ್ತಿಗೆ ತೀರ್ಪು ಕೊಟ್ಟರು. ಅಷ್ಟು ಎರಡು ಪದ ಬಿಟ್ಟರೆ ಆ ಭಾಷೆಯಲ್ಲಿ ನಮಗೆ ಇನ್ನೇನೂ ಅರ್ಥವಾಗಲಿಲ್ಲ ಅನ್ನುವುದು ಬೇರೆ ಮಾತು.

ಹೆಸರು ನೋಡಿ ಮೋಸ ಹೋಗಬೇಡಿ. ವಿಯೆನ್ನಾದಲ್ಲಿ 'ಲೇಬರ್‌ಕೇಜ಼' ಅಂತ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಬಿಸಿ ಇಟ್ಟಿರುತ್ತಾರೆ. 'ಕೇಜ಼' ಅಂದರೆ ಚೀಸ್ ಅಂತ ನಾನು ಓದಿಕೊಂಡಿದ್ದೆ. ನೋಡಿದರೆ ಅದು ರುಬ್ಬಿದ ಮಾಂಸದ ದಿಂಡು. ಅಲ್ಲಿಯ ಆಲೂಗಡ್ಡೆ ಸಲಾಡ್ ನೋಡಲು ಸಾಧು, ಆದರೆ ವಿಯೆನ್ನಾ ಪದ್ಧತಿಯಲ್ಲಿ ಅದಕ್ಕೆ ದನದ ಮಾಂಸ ಬೇಯಿಸಿದ ಸಾರು ಬೆರೆಸುತ್ತಾರೆ. ಪ್ರಾಗ್‌ನ ಕರಿದ ಚೀಸ್ ಬಹಳ ಜನಪ್ರಿಯ. ಅದನ್ನು ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುವುದು. ನನಗೆ ಆಯಿತು, ಅತ್ತಿಗೆಗೆ ಆಗಲಿಲ್ಲ.

ಇಷ್ಟು ಜಾಗ್ರತೆ ಮಾಡಿಯೂ ಒಂದು ಸಲ ಎಡವಿದೆವು. ಅದು ಒಂದು ಹಳೇ ಊಟದ ಮನೆ. ಅಣಬೆ ಸೂಪು. ಮಾಂಸ ಇದೆಯಾ ಅಂತ ಕೇಳಿದೆ, ಹುಡುಗ ಇಲ್ಲ ಅಂದ. ಅರ್ಧ ಬಟ್ಟಲು ಮುಗಿದ ಮೇಲೆ ಅತ್ತಿಗೆಯ ಚಮಚಕ್ಕೆ ಬೆಂಕಿಕಡ್ಡಿಯ ತಲೆಯಷ್ಟು ಗುಲಾಬಿ ಚೂರು ಸಿಕ್ಕಿತು. ಹಂದಿ ಮಾಂಸದ ಒಗ್ಗರಣೆ. ಆ ಹುಡುಗನ ಲೆಕ್ಕದಲ್ಲಿ ಅದು ಮಾಂಸವಲ್ಲ, ರುಚಿಗೆ ಹಾಕುವ ವಸ್ತು. ಅತ್ತಿಗೆ ಜಗಳ ಆಡಲಿಲ್ಲ. ಚಮಚವನ್ನು ತಟ್ಟೆಯ ಅಂಚಿಗೆ ಮೆತ್ತಗೆ ಇಟ್ಟು, ಬಾಯಿ ಒರೆಸಿಕೊಂಡು, "ನೀನು ತಿಂದು ಮುಗಿಸು" ಅಂದರು. ರೂಮಿಗೆ ಬಂದು ತಲೆಗೆ ಸ್ನಾನ ಮಾಡಿ ಮಲಗಿದರು. ಇವತ್ತಿಗೂ ಆ ವಿಷಯ ಅವರು ಎತ್ತಿಲ್ಲ. ನಾನೇ ಎತ್ತಿ ಬರೆಯುತ್ತಿದ್ದೇನೆ. ಹಾಗಾಗಿ ಸೂಪು ಬೇಡ, ಸೂಪು ಒಂದನ್ನು ಬಿಟ್ಟುಬಿಡಿ.

ಸಂತೋಷದ ಊಟ ಸಿಕ್ಕಿದ್ದು ಬುಡಾಪೆಸ್ಟ್‌ನ ದೊಡ್ಡ ಮಾರ್ಕೆಟ್‌ನಲ್ಲಿ. 1897ರ ಕಟ್ಟಡ, ಒಳಗೆ ನಿಂತರೆ ರೈಲ್ವೆ ಸ್ಟೇಷನ್ ಹಾಗೆ ಕಬ್ಬಿಣದ ಕಂಬಗಳು, ಎತ್ತರದ ಚಾವಣಿ. ಮಹಡಿಯ ಮೇಲೆ 'ಲಾಂಗೋಶ್' ಮಾಡುತ್ತಾರೆ. ಹುದುಗು ಬಂದ ಮೈದಾ ಹಿಟ್ಟಿನ ಉಂಡೆಯನ್ನು ಆ ಹೆಂಗಸು ಎಣ್ಣೆ ಸವರಿದ ಕೈಯಲ್ಲಿ ಎಳೆದೆಳೆದು ಅಗಲ ಮಾಡಿದಳು. ನಡುವೆ ತೆಳು, ಅಂಚು ದಪ್ಪ. ಕಾದ ಎಣ್ಣೆಗೆ ಜಾರಿಸಿದಳು. ಉಬ್ಬಿತು, ತಿರುವಿ ಹಾಕಿದಳು. ಹೊರಗೆ ತೆಗೆದು, ಜಜ್ಜಿದ ಬೆಳ್ಳುಳ್ಳಿ ನೆನೆಸಿದ ನೀರನ್ನು ಕುಂಚದಲ್ಲಿ ಬಳಿದಳು. ಮೇಲೆ ಹುಳಿ ಕೆನೆ, ತುರಿದ ಚೀಸ್. ಅತ್ತಿಗೆ ಕೈಕಟ್ಟಿ ನಿಂತು ಎಲ್ಲಾ ನೋಡಿ, "ಇದು ಭತೂರಾನೇ ಕಣೆ, ವೇಷ ಹಾಕ್ಕೊಂಡಿದೆ" ಅಂದರು. ಕರಿಯುವುದು ಎಣ್ಣೆಯಲ್ಲೋ ಹಂದಿ ಕೊಬ್ಬಿನಲ್ಲೋ ಅಂತ ಮಾತ್ರ ಮೊದಲೇ ಕೇಳಿ, ಎರಡೂ ರೂಢಿ ಇದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅನ್ನುವುದನ್ನೂ ಕೇಳಿ. ಭಾನುವಾರ ಹೋಗುವುದಾದರೆ ಈ ಮಾರ್ಕೆಟ್ ಬಾಗಿಲು ತೆರೆದಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಚಟ್ನಿಪುಡಿ, ತುಪ್ಪ ಒಯ್ಯಬಹುದಾ? – ದಾವಣಗೆರೆಯ ಗೃಹಿಣಿ

ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು ಆರಾಮಾಗಿ ಒಯ್ಯಿರಿ. ತುಪ್ಪ ಬೇಡ. ಹೊರದೇಶದಿಂದ ಬರುವವರು ಹಾಲು, ತುಪ್ಪ, ಬೆಣ್ಣೆ, ಮಾಂಸ ತರುವಂತಿಲ್ಲ. ಹಸಿ ಸೊಪ್ಪು, ಹೆಚ್ಚಿನ ಹಣ್ಣುಗಳಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಬಾಳೆಹಣ್ಣು, ಅನಾನಸ್, ತೆಂಗಿನಕಾಯಿ, ಖರ್ಜೂರಕ್ಕೆ ವಿನಾಯಿತಿ ಇದೆ. ಅತ್ತಿಗೆ ಎರಡು ತೆಂಗಿನಕಾಯಿ ಹೊರಡಿಸಿದ್ದರು. ನಿಯಮ ಒಪ್ಪಿತು, ಸೂಟ್‌ಕೇಸಿನ ತೂಕ ಒಪ್ಪಲಿಲ್ಲ.

ಸ್ನೇಹಿತೆ ಜೊತೆ ಹೋಗ್ತಿದ್ದೀನಿ ಮೇಡಂ. ಅವಳಿಗೆ ಮ್ಯೂಸಿಯಂ ಅಂದ್ರೆ ಆಕಳಿಕೆ. ನನಗೆ ಅದೇ ಪ್ರಾಣ. ಜಗಳ ಆಗದ ಹಾಗೆ ಹೇಗೆ? – ತುಮಕೂರಿನಿಂದ ಒಬ್ಬ ಲೆಕ್ಚರರ್

ಜಗಳ ಆಗುತ್ತದೆ, ಆಗಲಿ. ಯಾವಾಗ ಆಗುತ್ತದೆ ಅನ್ನುವುದನ್ನು ಗಮನಿಸಿ. ನಮ್ಮ ಹನ್ನೆರಡು ದಿನದಲ್ಲಿ ನಾಲ್ಕು ಜಗಳ ಆದವು. ನಾಲ್ಕೂ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಒಳಗೆ. ಅಂದರೆ ಜಗಳ ಮ್ಯೂಸಿಯಂದಲ್ಲ, ಹೊಟ್ಟೆಯದು. 'ಇದೊಂದು ಚರ್ಚು ನೋಡಿಬಿಡೋಣ, ಆಮೇಲೆ ಊಟ' ಅನ್ನುವ ಮಾತು ಇದೆಯಲ್ಲ, ಆ ಮಾತೇ ಎಲ್ಲಾ ಕಲಹಕ್ಕೂ ಮೂಲ. ಮೂರು ಗಂಟೆ ಆದರೆ ಎಷ್ಟೋ ಕಡೆ ಅಡುಗೆಮನೆ ಮುಚ್ಚಿ, ಸಂಜೆ ಆರಕ್ಕೆ ತೆರೆಯುತ್ತಾರೆ. ಹನ್ನೆರಡೂವರೆಗೆ ಕೂತುಬಿಡಿ.

ಎರಡನೆಯದು, ದಿನಕ್ಕೆ ಮೂರು ಗಂಟೆ ಬೇರೆ ಬೇರೆ ಹೋಗಿ. ಒಬ್ಬೊಬ್ಬರೇ. ಇದನ್ನು ನಾವು ಪ್ರಾಗ್‌ನಲ್ಲಿ ಕಲಿಯಲಿಲ್ಲ, ಅದಕ್ಕೇ ಅಲ್ಲಿ ಎರಡು ಜಗಳ. ವಿಯೆನ್ನಾದಲ್ಲಿ ಕಲಿತೆವು. ಕಲಾ ಇತಿಹಾಸ ಮ್ಯೂಸಿಯಂನಲ್ಲಿ ಬ್ರೂಗೆಲ್ ಅನ್ನುವ ಹಳೆಯ ಚಿತ್ರಗಾರನ ಕೋಣೆ ಇದೆ. 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ ನಾನು ಕೂತವಳು ಏಳಲಿಲ್ಲ. ಅತ್ತಿಗೆ ಹತ್ತು ನಿಮಿಷ ಸಹಿಸಿಕೊಂಡು, "ನಾನು ಕೆಳಗೆ ಕಾಫಿ ಕುಡೀತಾ ಇರ್ತೀನಿ, ನಿಧಾನಕ್ಕೆ ಬಾ" ಅಂತ ಹೊರಟರು. ಹೋಗುತ್ತಾ ಪಕ್ಕದ ಚಿತ್ರದ ಮುಂದೆ ಗಕ್ಕನೆ ನಿಂತರು.

ಅದು 'ರೈತರ ಮದುವೆ', ಸುಮಾರು 1567ರದ್ದು. ಊಟದ ಸಾಲು ಕೂತಿದೆ. ಇಬ್ಬರು ಬಡಿಸುವವರು ತಟ್ಟೆಗಳನ್ನು ಹೊತ್ತು ತರುತ್ತಿದ್ದಾರೆ. ಯಾತರ ಮೇಲೆ ಗೊತ್ತಾ? ಕಿತ್ತ ಬಾಗಿಲಿನ ಮೇಲೆ. ಒಬ್ಬನ ಟೊಪ್ಪಿಗೆಯಲ್ಲಿ ಚಮಚ ಸಿಕ್ಕಿಸಿದೆ. ಮುಂದೆ ನೆಲದ ಮೇಲೆ ಒಂದು ಮಗು, ಟೊಪ್ಪಿಗೆಯಲ್ಲಿ ನವಿಲುಗರಿ, ತಟ್ಟೆ ಬಳಿದು ಬೆರಳು ನೆಕ್ಕುತ್ತಿದೆ. ಅತ್ತಿಗೆ ಕಾಫಿ ಮರೆತರು. "ನೋಡೆ, ಬಡಿಸೋಕೆ ತಟ್ಟೆ ಸಾಲದೆ ಬಾಗಿಲೇ ಕಿತ್ಕೊಂಡಿದ್ದಾರೆ. ನಮ್ಮ ರಾಜು ಮದುವೇಲಿ ಹಿಂಗೇ ಆಗಿತ್ತು, ಬಡಿಸೋರು ಸಾಲದೆ." ಆಮೇಲೆ ಮೆಲ್ಲಗೆ, "ಮದುಮಗಳು ಸುಮ್ನೆ ಕಣ್ಮುಚ್ಚಿ ಕೂತಿದ್ದಾಳೆ ಪಾಪ. ಅವಳಿಗೆ ಇನ್ನೂ ಊಟ ಹಾಕಿಲ್ಲ" ಅಂದರು. ಆ ಚಿತ್ರದ ಬಗ್ಗೆ ನಾನು ಓದಿದ್ದ ಯಾವ ಪುಸ್ತಕವೂ ಮದುಮಗಳ ಹಸಿವಿನ ಬಗ್ಗೆ ಹೇಳಿರಲಿಲ್ಲ. ನಿಮ್ಮ ಸ್ನೇಹಿತೆಯನ್ನು ಹತ್ತು ನಿಮಿಷ ಮಾತ್ರ ಒಳಗೆ ಕರೆಯಿರಿ. ಊಟದ ಚಿತ್ರ ತೋರಿಸಿ. ಆಮೇಲೆ ಬಿಟ್ಟುಬಿಡಿ.

ಒಂದು ಮಾತು, ಯಾವ ಮ್ಯೂಸಿಯಂಗೆ ಯಾವ ವಾರ ರಜಾ ಅಂತ ನೋಡಿಕೊಂಡೇ ಹೊರಡಿ. ಎಷ್ಟೋ ಕಡೆ ಸೋಮವಾರ. ಪ್ಯಾರಿಸ್‌ನ ಲೂವ್ರ್‌ಗೆ ಮಂಗಳವಾರ.

ಹತ್ತು ದಿನಕ್ಕೆ ಏಳು ಊರು ಪ್ಯಾಕೇಜ್ ಇದೆ. ಹೋಗಬಹುದಾ? – ಹಾಸನ

ಹೋಗಬಹುದು. ಬಸ್ಸಿನ ಕಿಟಕಿ ಚೆನ್ನಾಗಿದ್ದರೆ.

ಮೂರು ದೇಶಕ್ಕೂ ಬೇರೆ ಬೇರೆ ವೀಸಾ ಬೇಕಾ? – ಬೆಳಗಾವಿ

ಬೇಡ, ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಅವರಿಗೆ ಅರ್ಜಿ. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಮೂರು ಕಡೆಯೂ ನಾಲ್ಕು ನಾಲ್ಕು ರಾತ್ರಿ ಇದ್ದೆವು. ಮೊದಲು ಪ್ರಾಗ್, ಹಾಗಾಗಿ ಚೆಕ್ ವೀಸಾ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಅಷ್ಟು ಕೊನೆವರೆಗೆ ಕಾಯಬೇಡಿ. 30,000 ಯೂರೋಗೆ ಕಡಿಮೆ ಇಲ್ಲದ ಆರೋಗ್ಯ ವಿಮೆ ಕಡ್ಡಾಯ. ವೀಸಾ ಒಂದೇ ಆದರೂ ದುಡ್ಡು ಮೂರು ಥರ. ಪ್ರಾಗ್‌ನಲ್ಲಿ ಕೊರೂನಾ, ವಿಯೆನ್ನಾದಲ್ಲಿ ಯೂರೋ, ಬುಡಾಪೆಸ್ಟ್‌ನಲ್ಲಿ ಫೋರಿಂಟ್. ಅತ್ತಿಗೆ ಮೂರಕ್ಕೂ ಮೂರು ಬಣ್ಣದ ಬಟ್ಟೆಯ ಚೀಲ ಹೊಲಿದಿದ್ದರು.

ನಮ್ಮದು ಕಾಫಿ ತೋಟ. ವಿಯೆನ್ನಾ ಕಾಫಿ ಅಂತ ಎಲ್ರೂ ಹೊಗಳ್ತಾರೆ, ನಿಜಕ್ಕೂ ಹೇಗಿದೆ? – ಮೂಡಿಗೆರೆ ಬೆಳೆಗಾರರು

ನಿಮಗೆ ಬೇಜಾರಾಗಬಾರದು, ಕಾಫಿ ಸುಮಾರು. ಡಿಕಾಕ್ಷನ್‌ಗೆ ಪಳಗಿದ ನಾಲಿಗೆಗೆ ಅಲ್ಲಿಯ ಮೆಲಾಂಜ್ ಸ್ವಲ್ಪ ಸಪ್ಪೆ. ಬಿಸಿ ಹಾಲು, ಮೇಲೆ ನೊರೆ, ಅಷ್ಟೇ. ಆದರೆ ಕೊಡುವ ರೀತಿ ನೋಡಬೇಕು. ಪುಟ್ಟ ಲೋಹದ ತಟ್ಟೆ. ಅದರಲ್ಲಿ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು, ಆ ಲೋಟದ ಬಾಯಿಯ ಮೇಲೆ ಅಡ್ಡಲಾಗಿ ಚಮಚ. ಕೇಳದೆಯೇ ನೀರು ಕೊಟ್ಟ ಊರು ಅಂದರೆ ಇದೊಂದೇ ನಮಗೆ ಸಿಕ್ಕಿದ್ದು. ಆ ನೀರೂ ಸಾಮಾನ್ಯದ್ದಲ್ಲ. ಆಲ್ಪ್ಸ್ ಬೆಟ್ಟಗಳ ಬುಗ್ಗೆಯಿಂದ ಊರಿಗೆ ನೀರು ತರುವ ಮೊದಲ ಕಾಲುವೆ 1873ರಲ್ಲಿ ಶುರುವಾಯಿತು, ಇವತ್ತಿಗೂ ನಲ್ಲಿಯಲ್ಲಿ ಬರುವುದು ಬೆಟ್ಟದ ನೀರೇ. ಬಾಟಲಿಗೆ ದುಡ್ಡು ಸುರಿಯಬೇಡಿ.

ಅತ್ತಿಗೆಗೆ ಒಂದು ಇಡೀ ಕಪ್ಪು ಜಾಸ್ತಿ. ಬಿಳಿ ಷರ್ಟು, ಕಪ್ಪು ಕೋಟಿನ ಮುದುಕಪ್ಪ ಬಂದು ನಿಂತಾಗ ಎರಡು ಬೆರಳು ತೋರಿಸಿ, ನೆಟ್ಟಗೆ, "ಒನ್ ಕಾಫಿ, ಬೈ-ಟು" ಅಂದರು. ಆತ ಗಂಭೀರವಾಗಿ ತಲೆ ಬಾಗಿಸಿ ಹೋದ. ಬರುವಾಗ ಕಾಫಿ ಒಂದು, ನೀರಿನ ಲೋಟ ಎರಡು, ಎರಡರ ಮೇಲೂ ಚಮಚ. ಅತ್ತಿಗೆ ನೀರು ಕುಡಿದು, ಖಾಲಿ ಲೋಟಕ್ಕೆ ಅರ್ಧ ಕಾಫಿ ಬಗ್ಗಿಸಿಕೊಂಡರು. ಮೈಸೂರಿನ ಲೋಟವಾಗಿದ್ದರೆ ಎತ್ತಿ ಹೊಯ್ದೇ ಬಿಡುತ್ತಿದ್ದರು. ಆತ ನೋಡಿಯೂ ನೋಡದ ಹಾಗೆ ನಿಂತಿದ್ದ. ಒಂದೂಮುಕ್ಕಾಲು ಗಂಟೆ ಕೂತೆವು. ಯಾರೂ ಬಿಲ್ ತಂದು ಇಡಲಿಲ್ಲ. ಅಲ್ಲಿ ನಾವಾಗಿ ಕೇಳುವವರೆಗೆ ತರುವುದಿಲ್ಲ. ಪಕ್ಕದ ಮೇಜಿನವರು ಮರದ ಕೋಲಿಗೆ ಸಿಕ್ಕಿಸಿದ ಪೇಪರ್ ಓದುತ್ತಾ ನಮಗಿಂತ ಮುಂಚಿನಿಂದ ಕೂತಿದ್ದರು. ಈ ಕಾಫಿಮನೆಗಳ ರೂಢಿಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಪರಂಪರೆಯ ಪಟ್ಟಿಗೇ ಸೇರಿಸಿಕೊಂಡಿದೆ. ಹಾಗಾಗಿ ಅಲ್ಲಿ ಕೊಡುವ ದುಡ್ಡು ಕಾಫಿಗಲ್ಲ, ಕುರ್ಚಿಗೆ.

ಅಂದ ಹಾಗೆ ಅಲ್ಲಿಯ ಹೆಸರಾಂತ ಜ಼ಾಖರ್ ಕೇಕ್, ಅಂದರೆ ನಡುವೆ ಏಪ್ರಿಕಾಟ್ ಜಾಮ್ ಸವರಿದ ಚಾಕೊಲೇಟ್ ಕೇಕ್, ಹುಟ್ಟಿದ್ದು 1832ರಲ್ಲಂತೆ. ಅದಕ್ಕೆ ಮೊಟ್ಟೆ ಬೇಕೇ ಬೇಕು. ನಾನು ತಿಂದೆ. ಪಕ್ಕದಲ್ಲಿ ಕೆನೆ ಇಲ್ಲದಿದ್ದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದನ್ನು ಹೇಳಿದರೆ ವಿಯೆನ್ನಾದವರು ಕೋಪ ಮಾಡಿಕೊಳ್ಳಬಹುದು, ಆದರೆ ಅವರು ಈ ಪತ್ರಿಕೆ ಓದೋಲ್ಲ.

ಟ್ರಾಮ್, ಮೆಟ್ರೋದಲ್ಲಿ ಓಡಾಡೋದು ಕಷ್ಟವಾ? – ಉಡುಪಿಯ ಹಿರಿಯರು

ಸುಲಭ. ಗೇಟು ಇಲ್ಲ, ಯಾರೂ ತಡೆಯುವುದಿಲ್ಲ. ಅದೇ ಅಪಾಯ. ಕಾಗದದ ಟಿಕೆಟ್ ಕೊಂಡರೆ ಮುಗಿಯಲಿಲ್ಲ, ಅಲ್ಲೇ ಇರುವ ಪುಟ್ಟ ಪೆಟ್ಟಿಗೆಯ ಬಾಯಿಗೆ ಒಡ್ಡಿ ಸಮಯದ ಮುದ್ರೆ ಒತ್ತಿಸಬೇಕು. ನಾವು ಒಂದು ಊರಿನಲ್ಲಿ, ಯಾವುದು ಅಂತ ಹೇಳೋಲ್ಲ, ಟಿಕೆಟ್ ಮಡಿಸಿ ಪರ್ಸಿನಲ್ಲಿ ಜೋಪಾನ ಮಾಡಿದ್ದೆವು. ತಪಾಸಣೆಯವರು ಬಂದರು. ಹೊಚ್ಚ ಹೊಸ ಟಿಕೆಟ್ ಹೆಮ್ಮೆಯಿಂದ ತೋರಿಸಿದೆ. ದಂಡ ಬಿತ್ತು, ಇಬ್ಬರಿಗೂ. ನನ್ನ ಮೂವತ್ತು ವರ್ಷದ ಬ್ಯಾಂಕ್ ನೌಕರಿಯಲ್ಲಿ ಸೀಲ್ ಇಲ್ಲದ ಚಲನ್ ಎಷ್ಟು ವಾಪಸ್ ಕಳಿಸಿದ್ದೆನೋ, ಅವರೆಲ್ಲರ ಶಾಪ ಇರಬೇಕು.

ರೈಲಿನಲ್ಲಿ ಇನ್ನೊಂದು ಸಂಗತಿ. ನಮ್ಮ ಹಾಗೆ ಟಿಕೆಟ್ ಅಂದರೆ ಸೀಟು ಅಂತಲ್ಲ. ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆಯ ದಾರಿ, ಸೀಟು ಬೇಕಾದರೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ಕೊಟ್ಟುಬಿಡಿ. ಮಂಡಿ ನೋವಿರುವವರು ಜೊತೆಗಿದ್ದರೆ ಎರಡು ಮಾತಿಲ್ಲ.

ಬುಡಾಪೆಸ್ಟ್‌ನಲ್ಲಿ ಹಳದಿ ಬಣ್ಣದ ಒಂದನೇ ನಂಬರ್ ಮೆಟ್ರೋ ಹತ್ತದೆ ಬರಬೇಡಿ. 1896ರದ್ದು. ರಸ್ತೆಯಿಂದ ಕೆಲವೇ ಮೆಟ್ಟಿಲು ಇಳಿದರೆ ಪ್ಲಾಟ್‌ಫಾರಂ. ಬಿಳಿ ಹೆಂಚು, ಮರದ ಕಿಟಕಿ, ಆಟಿಕೆಯಂಥ ಬೋಗಿ.

ಪ್ರಾಗ್‌ನ ಹಳೇ ಸೇತುವೆ ಮೇಲೆ ಕಾಲಿಡಲು ಜಾಗ ಇರಲ್ಲವಂತೆ? – ಮಂಡ್ಯ

ಬೆಳಿಗ್ಗೆ ಆರಕ್ಕೆ ಹೋಗಿ. 516 ಮೀಟರ್ ಉದ್ದ, ಎರಡೂ ಬದಿ ಸೇರಿ 30 ವಿಗ್ರಹ, ಕೆಳಗೆ ವಲ್ಟಾವಾ ನದಿ. ಆ ಹೊತ್ತಿನಲ್ಲಿ ನಾವಿಬ್ಬರು, ಕಸ ಗುಡಿಸುವವನೊಬ್ಬ, ಮದುವೆ ಫೋಟೋ ತೆಗೆಸುವ ಒಂದು ಜೋಡಿ. 1357ರಲ್ಲಿ ಕಟ್ಟಲು ಶುರುಮಾಡಿದಾಗ ಗಾರೆ ಗಟ್ಟಿಯಾಗಲಿ ಅಂತ ಮೊಟ್ಟೆ ಬೆರೆಸಿದರಂತೆ. ದೇಶದ ಎಲ್ಲಾ ಊರಿನಿಂದ ಮೊಟ್ಟೆ ತರಿಸಿದರೆ, ವೆಲ್ವಾರಿ ಅನ್ನುವ ಊರಿನವರು ದಾರಿಯಲ್ಲಿ ಒಡೆಯಬಾರದು ಅಂತ ಬೇಯಿಸಿ ಕಳಿಸಿದರಂತೆ. ಇದು ಅಲ್ಲಿಯವರು ಹೇಳುವ ಕಥೆ. ಅರ್ಧ ಸೇತುವೆ ದಾಟಿದ ಮೇಲೆ ನಾನು ಇದನ್ನು ಹೇಳಬಾರದಿತ್ತು. ಅತ್ತಿಗೆ ನಿಂತು, ಕಾಲ ಕೆಳಗೆ ನೋಡಿ, "ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಅಂದರು. ಆಮೇಲೆ ಅವರೇ, "ನಮ್ಮಜ್ಜನ ಮನೆ ಗಾರೆಗೂ ಬೆಲ್ಲ, ಮೊಟ್ಟೆ ಹಾಕಿದ್ರು ಅಂತಿದ್ರು, ನಡಿ" ಅಂದು ಮುಂದೆ ಹೊರಟರು.

ಇಬ್ಬರ ಖರ್ಚು ಹೇಗೆ ಹಂಚಿಕೊಂಡಿರಿ? – ಹೆಸರು ಬೇಡ ಎಂದವರು

ಒಂದು ಹುಂಡಿ. ದಿನಾ ಬೆಳಿಗ್ಗೆ ಇಬ್ಬರೂ ಸಮ ಹಾಕುವುದು. ಊಟ, ಕಾಫಿ, ಟ್ರಾಮ್, ಟಾಯ್ಲೆಟ್ ಅದರಿಂದ. ಹೌದು, ಸ್ಟೇಷನ್‌ಗಳಲ್ಲಿ ಟಾಯ್ಲೆಟ್ಟಿಗೆ ಚಿಲ್ಲರೆ ಬೇಕು, ಸದಾ ಇಟ್ಟುಕೊಂಡಿರಿ. ನನ್ನ ಮ್ಯೂಸಿಯಂ ನನ್ನ ದುಡ್ಡು, ಅವರ ಸಾಮಾನು ಅವರ ದುಡ್ಡು. ಸಂಜೆ ಅತ್ತಿಗೆ ಲೆಕ್ಕ ಬರೆಯುತ್ತಿದ್ದರು. ಬ್ಯಾಂಕಿನವಳು ನಾನು, ಲೆಕ್ಕ ತಪ್ಪುತ್ತಿದ್ದದ್ದೂ ನನ್ನದೇ.

ಹಂಗೇರಿಯ ಪ್ಯಾಪ್ರಿಕಾ ಮೆಣಸಿನಪುಡಿ ನಮ್ಮದಕ್ಕಿಂತ ಚೆನ್ನಾಗಿದೆಯಾ? – ಬ್ಯಾಡಗಿಯಿಂದ ಒಬ್ಬ ವ್ಯಾಪಾರಿ

ಈ ಪತ್ರಕ್ಕೆ ಉತ್ತರ ಅತ್ತಿಗೆಯೇ ಕೊಡಬೇಕು ಅಂತ ಫೋನ್ ಮಾಡಿದೆ. ಅದೇ ದೊಡ್ಡ ಮಾರ್ಕೆಟ್‌ನ ಕೆಳಗಿನ ಅಂಗಡಿಯಲ್ಲಿ ಅವರು ನಲವತ್ತು ನಿಮಿಷ ನಿಂತಿದ್ದರು. ಚಿಟಿಕೆ ಪುಡಿ ಅಂಗೈಗೆ ಹಾಕಿಸಿಕೊಂಡು, ಬೆರಳಲ್ಲಿ ತಿಕ್ಕಿ, ಮೂಸಿ, ನಾಲಿಗೆಗೆ ತಾಗಿಸಿ, ಕೊನೆಗೆ ಸಿಹಿ ಪ್ಯಾಪ್ರಿಕಾ ಕಾಲು ಕಿಲೋ ತಂದರು. ಮನೆಗೆ ಬಂದು ಒಂದು ದಿನ ಸಾರಿಗೆ ಹಾಕಿದ್ದಾರೆ. ಅವರ ಮಾತು ಹಾಗೇ ಬರೆಯುತ್ತೇನೆ: "ಬಣ್ಣ ನಿಮ್ಮ ಬ್ಯಾಡಗಿ ಥರಾನೇ ಬಂತು. ಖಾರ ಏನೇನೂ ಇಲ್ಲ. ನಿಮ್ಮಣ್ಣ ಎರಡು ಸಲ ಬಡಿಸ್ಕೊಂಡು, ಆಮೇಲೆ ಇದು ಟೊಮ್ಯಾಟೋ ಸಾರಾ ಅಂತ ಕೇಳಿದ್ರು. ಉಳಿದದ್ದು ಡಬ್ಬೀಲಿದೆ, ಬೇಕಿದ್ರೆ ಬಂದು ತಗೊಂಡು ಹೋಗು."